ಮುನಿಕೃಷ್ಣಮ್ಮನವರಿಗೆ ನೆಪ್ಪಿಲ್ಲ

ಅಟ್ಟೂರಿನ ಹಳೇ ಊರಿನೊಳಗೆ ಯಾರ ಮದುವೆಗೆ ಯಾರು ಎಷ್ಟು ಮುಯ್ಯಿ ಮಾಡಿದರು, ಯಾವ ಸೈಟಿನ ಮೂಲೆಗೆ ಮೊದಲು ಯಾರು ಕಲ್ಲು ನೆಟ್ಟರು, ಯಾರ ಎಮ್ಮೆ ಯಾರ ಹಿತ್ತಲಲ್ಲಿ ಕರು ಹಾಕಿತು ಎಂಬ ತಕರಾರು ಎದ್ದರೆ ಜನ ಯಾವ ಆಫೀಸಿಗೂ ಹೋಗುತ್ತಿರಲಿಲ್ಲ. ನೆಟ್ಟಗೆ ಮುನಿಕೃಷ್ಣಮ್ಮನವರ ಜಗಲಿಗೆ ಬರುತ್ತಿದ್ದರು. ಅವರು ಓದಿದ್ದು ಮೂರನೇ ಕ್ಲಾಸು. ಆದರೆ ಆ ಮೂರನೇ ಕ್ಲಾಸಿನಲ್ಲಿ ಪಕ್ಕಕ್ಕೆ ಕೂತಿದ್ದ ಹುಡುಗಿ ಯಾವ ಬಣ್ಣದ ಟೇಪು ಕಟ್ಟಿಕೊಂಡಿದ್ದಳು ಎಂಬುದನ್ನು ಎಪ್ಪತ್ತೊಂದನೇ ವಯಸ್ಸಿನಲ್ಲೂ ಹೇಳಬಲ್ಲರು. (ಹಸಿರು. ಒಂದು ಕಡೆ ಗಂಟು ಸಡಿಲ.)

ಇಂಥ ಹೆಂಗಸಿಗೆ ಸ್ವಂತ ಮಗ, ಸೊಸೆ ಸೇರಿಕೊಂಡು 'ನೆನಪಿಲ್ಲ' ಅನ್ನುವುದನ್ನು ಕಲಿಸಲು ಹೊರಟರು ಅಂದರೆ ಅದಕ್ಕಿಂತ ಅನ್ಯಾಯ ಇನ್ನೇನಿದೆ?

ಎಲ್ಲಕ್ಕೂ ಕಾರಣ ಕಣ್ಣಿನ ಪೊರೆ. ಎರಡು ಕಣ್ಣಿಗೂ ಬಂದಿತ್ತು, ಬಲಗಣ್ಣಿಗೆ ಜಾಸ್ತಿ. ಮುದ್ದೆ ತೊಳಸುವಾಗ ಮುಖಕ್ಕೆ ಹಬೆ ಹೊಡೆದಂತೆ ಇಡೀ ಪ್ರಪಂಚ ಕಾಣುತ್ತಿತ್ತು. ಗ್ಯಾಸ್ ಸಿಲಿಂಡರ್ ತಂದವನನ್ನು ಮಗನೆಂದು ತಿಳಿದು, "ಇಷ್ಟು ಒತ್ತಾಯ್ತಲ್ಲೋ, ಕೈಕಾಲು ತೊಳ್ಕೊಂಡು ಬಾ, ಉಣ್ಣೀವಂತೆ" ಎಂದು ತಟ್ಟೆ ಹಾಕಿದ್ದರು. ಅವನೂ ಉಂಡು ಹೋಗಿದ್ದ. ಮಗ ಮಣಿಕಂಠ ಪೀಣ್ಯದ ಫ್ಯಾಕ್ಟರಿಯಿಂದ ಬಂದು ನೋಡಿದರೆ ಸಾರು ತಳ ಸೇರಿತ್ತು. ಅವತ್ತೇ ತೀರ್ಮಾನವಾಯಿತು, ಆಪರೇಷನ್ ಆಗಲೇಬೇಕು.

ಆಗಬೇಕು ಸರಿ, ಯಾವ ಕಾರ್ಡಿನಲ್ಲಿ? ಮುನಿಕೃಷ್ಣಮ್ಮನವರ ಹತ್ತಿರ ಎರಡು ಕಾರ್ಡುಗಳಿದ್ದವು.

ಒಂದು ಯಜಮಾನರಿಂದ ಬಂದದ್ದು. ಹವಾಲ್ದಾರ್ ಚಿಕ್ಕಮಾರಯ್ಯನವರು ಇಪ್ಪತ್ನಾಲ್ಕು ವರ್ಷ ಸೈನ್ಯದಲ್ಲಿದ್ದು, ತೀರಿಕೊಂಡು ಎಂಟು ವರ್ಷ. ಹೋಗುವಾಗ ಹೆಂಡತಿಗೆ ಅವರು ಬಿಟ್ಟು ಹೋದದ್ದು ಪಿಂಚಣಿ, ಬಿಳಿ ಪೇಂಟಿನಲ್ಲಿ ನಂಬರು ಬರೆದ ಒಂದು ಕಪ್ಪು ಟ್ರಂಕು, ಮತ್ತು ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು. ಆ ಕಾರ್ಡು ಹಿಡಿದು ಮಾಜಿ ಸೈನಿಕರ ಪಾಲಿಕ್ಲಿನಿಕ್ಕಿಗೆ ಹೋದರೆ ಅಲ್ಲಿಯ ಡಾಕ್ಟರು ಚೀಟಿ ಬರೆದುಕೊಡುತ್ತಾರೆ. ಚೀಟಿ ತೋರಿಸಿದರೆ ದೊಡ್ಡ ಆಸ್ಪತ್ರೆಯವರು ಆಪರೇಷನ್ ಮಾಡಿ ಬಿಲ್ಲನ್ನು ಸರ್ಕಾರಕ್ಕೆ ಕಳಿಸುತ್ತಾರೆ. ಇನ್ನೊಂದು ಮಣಿಕಂಠ ಎರಡು ವರ್ಷ ಎರಡು ತಿಂಗಳ ಹಿಂದೆ ಕೊಂಡಿದ್ದ ಸುಖನಿಧಿ ಎಂಬ ಖಾಸಗಿ ವಿಮಾ ಕಂಪನಿಯ ಕಾರ್ಡು. ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ನಗುತ್ತಿರುವ ಒಂದು ಮುದುಕಿಯ ಚಿತ್ರವೂ ಇತ್ತು. ಅದು ತಮ್ಮದೇ ಫೋಟೋ ಎಂದು ಮುನಿಕೃಷ್ಣಮ್ಮನವರು ನಂಬಿದ್ದರು.

"ಪ್ರೀಮಿಯಂ ಮೂರು ಸಲ ಕಟ್ಟಿದೀನಿ ಅಮ್ಮ. ಅದನ್ನ ಬಿಟ್ಟು ಪಾಲಿಕ್ಲಿನಿಕ್ ಕ್ಯೂನಲ್ಲಿ ಯಾಕೆ ನಿಂತ್ಕೋತೀಯ?" ಎಂದ ಮಣಿಕಂಠ.

"ಕ್ಯೂನಲ್ಲಿ ನಿಂತ್ರೆ ನನ್ ಕಾಲೇನು ಸವೆದೋಗ್ತದಾ? ನಿಮ್ಮಪ್ಪ ಮಂಜಿನಲ್ಲಿ ನಿಂತು ಸಂಪಾದಿಸಿದ ಕಾರ್ಡು ಕಣ್ಲಾ ಅದು."

"ಅತ್ತೆ, ಪ್ರೈವೇಟಲ್ಲಾದ್ರೆ ಒಳ್ಳೇ ಲೆನ್ಸ್ ಹಾಕ್ತಾರಂತೆ. ಸೀರಿಯಲ್‌ನಲ್ಲಿ ಬರೋರ ಮೂಗುತಿ ಹರಳೂ ಕಾಣುತ್ತಂತೆ" ಎಂದಳು ಸೊಸೆ ನಂದಿತಾ. ಅವಳು ಯಲಹಂಕ ನ್ಯೂಟೌನಿನ ನರ್ಸರಿ ಸ್ಕೂಲಿನಲ್ಲಿ ಟೀಚರು; ಯಾರಿಗೆ ಏನು ತೋರಿಸಿದರೆ ಬಾಯಿ ಮುಚ್ಚುತ್ತಾರೆಂದು ಬಲ್ಲವಳು. ಮೂಗುತಿಯ ಹರಳಿನ ಆಸೆಗೆ ಮುನಿಕೃಷ್ಣಮ್ಮನವರು ಸೋತರು.

ಹೆಬ್ಬಾಳದ ಕಡೆಯ ಗಾಜಿನ ಆಸ್ಪತ್ರೆಗೆ ಹೋದದ್ದಾಯಿತು. ಕೌಂಟರಿನ ಹುಡುಗಿ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದಳು, "ಮೇಡಂ, ನಿಮ್ದು ಗವರ್ನಮೆಂಟಾ, ಪ್ರೈವೇಟಾ?"

"ನಮ್ದು ಅಟ್ಟೂರು" ಎಂದರು ಮುನಿಕೃಷ್ಣಮ್ಮನವರು.

ಮಣಿಕಂಠ ನಡುವೆ ನುಗ್ಗಿ ಹೊಳೆಯುವ ಕಾರ್ಡು ಕೊಟ್ಟ. ಆಪರೇಷನ್ನಿಗೆ ಮೊದಲು ಕಂಪನಿಯ ಒಪ್ಪಿಗೆ ಬೇಕು, ಕಂಪನಿಯಿಂದ ಒಬ್ಬರು ಮನೆಗೆ ಬಂದು ವಿಚಾರಿಸುತ್ತಾರೆ ಎಂದು ಹುಡುಗಿ ಹೇಳಿದಳು. ಪಾಲಿಸಿ ಮಾರಿದ ಏಜೆಂಟಿಗೆ ಫೋನು ಮಾಡಿದಾಗ ಅಸಲು ಸಂಗತಿ ಹೊರಬಿತ್ತು. ಪಾಲಿಸಿ ಕೊಂಡ ಮೇಲೆ ಬಂದ ಪೊರೆಯಾದರೆ ಕಂಪನಿ ದುಡ್ಡು ಕೊಡುತ್ತದೆ. ಮೊದಲೇ ಇದ್ದ ಪೊರೆಯಾದರೆ ಕೊಡುವುದಿಲ್ಲ, ಏಕೆಂದರೆ ಫಾರಮ್ಮಿನಲ್ಲಿ ಎಲ್ಲ ಕಾಯಿಲೆಯ ಮುಂದೂ ಆ ಏಜೆಂಟ್ ಮಹಾಶಯ 'ಇಲ್ಲ' ಎಂದು ಟಿಕ್ ಹಾಕಿದ್ದ. ಅವನ ಪ್ರಕಾರ ಮುನಿಕೃಷ್ಣಮ್ಮನವರಿಗೆ ಹುಟ್ಟಿದಾಗಿನಿಂದ ನೆಗಡಿಯೂ ಆಗಿರಲಿಲ್ಲ.

ಶುರುವಾಯಿತು ತರಬೇತಿ. ನಂದಿತಾ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕುರ್ಚಿಯಲ್ಲಿ ಆಫೀಸರಂತೆ ಕೂತಳು.

"ಕಣ್ಣು ಯಾವಾಗಿಂದ ಮಂಜಾಗಿದೆ ಅಜ್ಜಿ?"

"ಐದು ವರ್ಸ ಆಯ್ತು. ಪಕ್ಕದ್ಮನೆ ಮೊಯಿನಣ್ಣನ ಮಗಳು ರುಖ್ಸಾರ್ ಮದ್ವೆ ದಿನ. ಸುಕ್ರವಾರ ಸಾಯಂಕಾಲ, ಆರ್.ಟಿ. ನಗರದ ಛತ್ರ. ಮುಯ್ಯಿ ಕವರು ತಗೊಂಡೋಗಿ ಮದ್ವೆ ಗಂಡಿಗೆ ಅಂತ ಗಂಡಿನ ದೊಡ್ಡಪ್ಪನ ಕೈಗೆ ಕೊಟ್ಬುಟ್ಟೆ. ಆವಯ್ಯ ಮಾತಾಡ್ದಂಗೆ ಜೋಬಿಗೆ ಇಳಿಸ್ಕೊಂಡ..."

"ಅತ್ತೇ! ನೆನಪಿಲ್ಲ ಅನ್ನಿ!"

"ನೆಪ್ಪೈತಲ್ಲೇ! ಕವರಿನ ಮೇಲೆ ನವಿಲು ಇತ್ತು!"

"ನವಿಲನ್ನೂ ಮರೀರಿ."

"ಅದೆಂಗೆ ಮರೀಲಿ? ತಲೆ ಏನು ಸ್ಲೇಟಾ, ಉಗುಳಾಕಿ ಒರೆಸಕ್ಕೆ?"

ಮೂರು ದಿನ ಈ ಪಾಠ ನಡೆಯಿತು. ಕೇಳುವುದೆಲ್ಲಕ್ಕೂ 'ನೆಪ್ಪಿಲ್ಲ' ಅನ್ನಬೇಕು. ಅದು ಸುಳ್ಳಲ್ಲವೇ ಎಂದರೆ, "ಸುಳ್ಳಲ್ಲಮ್ಮ, ಮರೆವು. ವಯಸ್ಸಾದವರಿಗೆ ಮರೆಯೋ ಹಕ್ಕಿದೆ" ಎಂದು ಮಣಿಕಂಠ ಘನಗಂಭೀರವಾಗಿ ಕಾನೂನು ಹೇಳಿದ.

ಗೋಡೆಯಾಚೆಯಿಂದ ಮಲ್ಕಾಬಿ ಇದನ್ನೆಲ್ಲ ಕೇಳಿಸಿಕೊಂಡು ನಗುತ್ತಿದ್ದಳು. ಆಕೆ ಮಾಜಿ ನಾಯಕ್ ಮೊಯಿನುದ್ದೀನರ ಹೆಂಡತಿ. ಇಬ್ಬರು ಗಂಡಂದಿರೂ ಒಂದೇ ಸೈನ್ಯ, ಒಂದೇ ಬೀದಿ. ಹೆಂಗಸರ ನಡುವೆ ಮಾತ್ರ ಎಂಟು ವರ್ಷದಿಂದ ಗಡಿ ತಂಟೆ. ಯಜಮಾನರು ತೀರಿಕೊಳ್ಳುವ ಮುಂಚಿನ ವಾರ ಬಂದ ಯುಗಾದಿಗೆ ಮುನಿಕೃಷ್ಣಮ್ಮನವರು ಮಿಲಿಟರಿ ಕ್ಯಾಂಟೀನಿನಿಂದ ತಂದ ನಾಲ್ಕಂತಸ್ತಿನ ಸ್ಟೀಲ್ ಕ್ಯಾರಿಯರಿನ ತುಂಬ ಒಬ್ಬಟ್ಟು ಕಳಿಸಿದ್ದರು. ಕ್ಯಾರಿಯರ್ ವಾಪಸು ಬರಲಿಲ್ಲ. ಬಂತು ಎಂದು ಮಲ್ಕಾಬಿ, ಇಲ್ಲ ಎಂದು ಇವರು.

"ಚಿಕ್ಕಮಾರಯ್ಯ ಭಾಯ್ ಕೈಯಲ್ಲೇ ಕೊಟ್ಟೆ ಅಲ್ಲಾ ಅಕ್ಕಾ! ಗೇಟ್ ಹತ್ರ!" ಎನ್ನುತ್ತಿದ್ದಳು ಮಲ್ಕಾಬಿ.

"ಆ ಪುಣ್ಯಾತ್ಮ ಸಾಕ್ಷಿ ಏಳಕ್ಕೆ ಬರಾಕಿಲ್ಲ ಅಂತ ನಿಂಗೆ ಧೈರ್ಯ. ನಂಗೆ ನೆಪ್ಪೈತೆ, ಬಂದಿಲ್ಲ" ಎಂದು ಇವರು. ಬೀದಿಯಲ್ಲಿ ಎಲ್ಲರೂ ಮುನಿಕೃಷ್ಣಮ್ಮನವರ ಮಾತನ್ನೇ ನಂಬಿದ್ದರು. ಅವರ ನೆನಪಿಗೆ ಅಷ್ಟು ಬೆಲೆ.

ಗುರುವಾರ ಹಗಲು, ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದಾಗ, ಬಾಗಿಲಲ್ಲಿ ಒಂದು ಆಕಾರ ನಿಂತಿತು. ಮುಖ ಮಂಜು. ಆದರೆ ಬೆನ್ನು ಬಡಿಗೆಯ ಹಾಗೆ ನೆಟ್ಟಗೆ, ಮೀಸೆ ಎರಡು ಕಡೆಗೂ ಸಮ, ಬೂಟು ಹೊಳೆಯುತ್ತಿರುವುದು ಪೊರೆಯೊಳಗಿಂದಲೂ ಕಾಣುತ್ತಿತ್ತು.

"ಜೈ ಹಿಂದ್ ಅಮ್ಮ! ಹವಾಲ್ದಾರ್ ಚಿಕ್ಕಮಾರಯ್ಯನವರ ಮನೆ ಇದೇನಾ? ನಾನೂ ಫೌಜಿನೇ. ನಾಯಬ್ ಸುಬೇದಾರ್ ವೇಣುಗೋಪಾಲ್, ರಿಟೈರ್ಡ್. ಈಗ ಸುಖನಿಧಿಯವರ ಕಡೆಯಿಂದ..."

'ಜೈ ಹಿಂದ್' ಆದಮೇಲೆ ಮುನಿಕೃಷ್ಣಮ್ಮನವರ ಕಿವಿಗೆ ಏನೂ ಬೀಳಲಿಲ್ಲ. ಯಜಮಾನರು ಹೋದಮೇಲೆ ಆ ಹೊಸಿಲಲ್ಲಿ ಹಾಗೆ ನಿಂತು ಸೆಲ್ಯೂಟ್ ಹೊಡೆದವರೇ ಇರಲಿಲ್ಲ. ಅವರು ಆಗಲೇ ಟೀಗೆ ನೀರಿಟ್ಟು ನಿಪ್ಪಟ್ಟಿನ ಡಬ್ಬ ಇಳಿಸುತ್ತಿದ್ದರು. ಸರ್ಕಾರವೇ ತಮ್ಮನ್ನು ನೆನೆಸಿಕೊಂಡು ಆಳು ಕಳಿಸಿದೆ ಎಂದುಕೊಂಡರು. (ಈಗ ಖಾಸಗಿ ಕಂಪನಿಯವರು ನಿವೃತ್ತ ಸೈನಿಕರನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆಂದು ಅವರಿಗೆ ಹೇಗೆ ಗೊತ್ತಾಗಬೇಕು?) ಪ್ರೈವೇಟಿನವನು ಅಂದರೆ ಅವರ ಮನಸ್ಸಿನಲ್ಲಿ ಟೈ ಕಟ್ಟಿದ, ಇಂಗ್ಲಿಷು ಮಾತಾಡುವ, ಕಾಗೆ ಕಾಲಿನಂಥ ಹುಡುಗ.

"ಕಣ್ಣು ಯಾವಾಗಿಂದ ತೊಂದರೆ ಅಮ್ಮ?"

ಮೂರು ದಿನ ಕಟ್ಟಿ ನಿಲ್ಲಿಸಿದ್ದ ಕೆರೆಯ ತೂಬು ಎತ್ತಿದಂತಾಯಿತು. ರುಖ್ಸಾರ್ ಮದುವೆ ಬಂತು, ನವಿಲಿನ ಕವರು ಬಂತು. ಅಲ್ಲಿಂದ ಹಿಂದಕ್ಕೆ ಹೋಗಿ ಅಂಬಾಲಾ ಕ್ವಾರ್ಟರ್ಸಿನಲ್ಲಿ ಎಂಬತ್ತೇಳನೇ ಇಸವಿಯಲ್ಲಿ ಬಂದ ಪಿತ್ತಕೋಶದ ಕಲ್ಲು, ಒಂಬತ್ತು ವರ್ಷದಿಂದ ಜೊತೆಗಿರುವ ಸಕ್ಕರೆ ಕಾಯಿಲೆ, ಎಡ ಮೊಣಕಾಲು, ಚಳಿಗಾಲದ ಉಬ್ಬಸ, ಎಲ್ಲವೂ ತಿಂಗಳು, ವಾರ, ಹೊತ್ತಿನ ಸಮೇತ ಸಾಲಾಗಿ ಬಂದು ನಿಂತವು.

ವೇಣುಗೋಪಾಲ್ ಒಳ್ಳೆಯ ಮನುಷ್ಯ. ಎರಡು ಸಲ ಪೆನ್ನು ಕೆಳಗಿಟ್ಟ. "ಅಮ್ಮ, ನೀವು ಹೇಳಿದ್ದನ್ನ ಹೇಳಿದಂಗೇ ಬರ್ಕೋಬೇಕಾಗುತ್ತೆ. ಯೋಚನೆ ಮಾಡಿ ಹೇಳಿ."

"ಯೋಚ್ನೆ ಯಾಕಪ್ಪ, ಎಲ್ಲ ನಾಲಿಗೆ ತುದೀಲೈತೆ. ಬರ್ಕೋ. ಉಬ್ಬಸದ್ದು ಬುಟ್ಟೋಯ್ತೇನೋ ನೋಡು."

"ಹಾಳೆ ಮುಗೀತಮ್ಮ."

"ತಡಿ" ಎಂದು ಹೋದ ತಿಂಗಳ ಕ್ಯಾಲೆಂಡರಿನ ಹಾಳೆ ಹರಿದುಕೊಟ್ಟು, ಕೊನೆಯಲ್ಲಿ ದುಂಡಗೆ ಸಹಿಯನ್ನೂ ಹಾಕಿದರು. ದಾರಿಗೆ ಆರು ನಿಪ್ಪಟ್ಟು ಪೇಪರಿನಲ್ಲಿ ಸುತ್ತಿಕೊಟ್ಟರು.

ಹತ್ತನೇ ದಿನಕ್ಕೆ ಕಾಗದ ಬಂತು. ಮಣಿಕಂಠ ನಿಂತು ಓದಲು ಶುರುಮಾಡಿದವನು ಕೂತು ಮುಗಿಸಿದ. "ಶ್ರೀಮತಿ ಮುನಿಕೃಷ್ಣಮ್ಮನವರೇ ದಿನಾಂಕ, ವಾರ ಹಾಗೂ ಸಮಯ ಸಮೇತ ಖುದ್ದಾಗಿ ನೀಡಿದ ಹೇಳಿಕೆಯ ಮೇರೆಗೆ, ಪೊರೆಯು ಪಾಲಿಸಿಗೆ ಮೊದಲೇ ಇದ್ದುದು ಖಚಿತವಾಗಿದ್ದು, ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಪಿತ್ತಕೋಶ, ಸಕ್ಕರೆ, ಮೊಣಕಾಲು ಮತ್ತು ಉಬ್ಬಸದ ವಿವರಗಳಿಗಾಗಿ ಧನ್ಯವಾದಗಳು."

"ನೋಡ್ದಾ, ಧನ್ಯವಾದ ಬರ್ದವ್ರೆ" ಎಂದರು ಮುನಿಕೃಷ್ಣಮ್ಮನವರು.

"ಅಮ್ಮಾ! ಒಂದೇ ಒಂದು ಮಾತು ಹೇಳ್ಕೊಟ್ಟಿದ್ವಿ! ಒಂದು!"

"ಆವಯ್ಯ ಜೈ ಹಿಂದ್ ಅಂದ ಕಣೋ!"

"ಜೈ ಹಿಂದ್ ಅಂದೋರ್ಗೆಲ್ಲ ಪಿತ್ತಕೋಶ ತೋರಿಸ್ತೀಯಾ?"

"ಎರಡು ನಾಲಿಗೆ ಇಟ್ಕೊಂಡು ತಿರುಗು ಅಂದ್ರೆ ನಾನೇನ್ ಆವಾ? ಒಬ್ರ ಮುಂದೆ ಏಳ್ಬೇಕು, ಒಬ್ರ ಮುಂದೆ ಏಳ್ಬಾರ್ದು. ಯಾರು ಯಾರು ಅಂತ ಕಾಣಕ್ಕೆ ಕಣ್ಣು ಬೇಕಲ್ಲ, ಅದೇ ತಾನೇ ಇಲ್ಲದ್ದು!"

ಮಾತು ಬೆಳೆಯಿತು. ಸೊಸೆ ಪ್ರೀಮಿಯಮ್ಮಿನ ಹೆಸರೆತ್ತಿ ಕಣ್ಣೊರೆಸಿಕೊಂಡಳು. ಕಡೆಗೆ ಮುನಿಕೃಷ್ಣಮ್ಮನವರು ಸೆರಗು ಬಿಗಿದು ಭೀಷಣ ಪ್ರತಿಜ್ಞೆ ಮಾಡಿದರು: "ಇವತ್ತಿಂದ ಯಾರೇ ಕೇಳ್ಲಿ, ಏನೇ ಕೇಳ್ಲಿ, ನಂಗೆ ನೆಪ್ಪಿಲ್ಲ. ಆಯ್ತಾ? ಸಂತೋಸನಾ?"

ಹೊಳೆಯುವ ಕಾರ್ಡಿನ ಕಥೆ ಮುಗಿಯಿತು. ಉಳಿದದ್ದು ಯಜಮಾನರ ಕಾರ್ಡು. ಸೋಮವಾರ ಮೊಯಿನುದ್ದೀನರು ಸ್ಕೂಟರಿನಲ್ಲಿ ಕೂರಿಸಿಕೊಂಡು ಪಾಲಿಕ್ಲಿನಿಕ್ಕಿಗೆ ಹೊರಟರು. ದಾರಿಯುದ್ದಕ್ಕೂ ಸಲಹೆ. "ಭಾಬಿ, ಅಲ್ಲಿ ಫುಲ್ ರಿಪೋರ್ಟ್ ಕೊಡ್ಬೇಕು. ಸಾಬ್ ಹೆಸ್ರು, ನಂಬರು, ಕಣ್ಣು ಯಾವಾಗಿಂದ, ಸಬ್ ಕುಚ್. ಏನೂ ಮುಚ್ಚಿಡ್ಬಾರ್ದು. ಫೌಜ್ ಅಂದ್ರೆ ಫೌಜ್."

ಮುನಿಕೃಷ್ಣಮ್ಮನವರು ಸೆರಗನ್ನು ಇನ್ನಷ್ಟು ಬಿಗಿದುಕೊಂಡರು. ಇಂಥವರೇ ಒಬ್ಬರು 'ನಾನೂ ಫೌಜಿನೇ' ಎಂದು ನಿಪ್ಪಟ್ಟು ತಿಂದು ಹೋದದ್ದು.

ಪಾಲಿಕ್ಲಿನಿಕ್ಕಿನಲ್ಲಿ ಡಾಕ್ಟರ್ ಸುಮೈರಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳಿದ್ದಳು. ಮೊಯಿನುದ್ದೀನರನ್ನು ಹೊರಗೆ ಕೂರಿಸಿ ಇವರನ್ನು ಒಳಕ್ಕೆ ಕರೆದಳು. ದನಿ ಮೆತ್ತಗಿತ್ತು. ಮೆತ್ತಗಿನ ದನಿ, ಎದುರಿಗೆ ಕಂಪ್ಯೂಟರು, ಗಮಗಮ ಸೋಪಿನ ವಾಸನೆ. ಇದು ಸರ್ಕಾರವೋ ಪ್ರೈವೇಟೋ ಎಂದು ಮುನಿಕೃಷ್ಣಮ್ಮನವರಿಗೆ ಗೊಂದಲವಾಯಿತು. ಗೊಂದಲವಾದಷ್ಟೂ ಪ್ರತಿಜ್ಞೆ ಗಟ್ಟಿಯಾಯಿತು.

"ಕಣ್ಣು ಯಾವಾಗಿಂದ ಮಂಜು ಅಮ್ಮ?"

"ನೆಪ್ಪಿಲ್ಲ."

"ಪರವಾಗಿಲ್ಲ. ಶುಗರ್ ಇದೆಯಾ? ಯಾವ ಮಾತ್ರೆ ತಗೋತೀರ?"

"ನೆಪ್ಪಿಲ್ಲ."

"ನಿಮ್ಮ ಯಜಮಾನ್ರ ಹೆಸರೇನು?"

ಇದೊಂದು ಮಾತ್ರ ಅವರಿಗೆ ಹೂವೆತ್ತಿದಷ್ಟು ಸಲೀಸಾಯಿತು. ಗಂಡನ ಹೆಸರನ್ನು ಅವರು ಮದುವೆಯಾದಾಗಿನಿಂದ ಬಾಯಲ್ಲಿ ಆಡಿದವರೇ ಅಲ್ಲ. ರೇಷನ್ ಅಂಗಡಿಯಲ್ಲೂ ಪಕ್ಕದವರ ಕೈಲಿ ಹೇಳಿಸುತ್ತಿದ್ದರು. "ನೆಪ್ಪಿಲ್ಲ" ಎಂದರು, ಸ್ವಲ್ಪ ನಾಚಿಕೊಂಡು.

ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡಳು. "ಬೆಳಿಗ್ಗೆ ಏನ್ ತಿಂಡಿ ತಿಂದ್ರಿ ಅಮ್ಮ?"

ಕೈಯಲ್ಲಿ ಇನ್ನೂ ಅವರೇಕಾಳು ಉಪ್ಪಿಟ್ಟಿನ ಘಮಲಿತ್ತು. ಮುನಿಕೃಷ್ಣಮ್ಮನವರು ಆ ಕೈಯನ್ನು ಸೆರಗಿನಲ್ಲಿ ಮುಚ್ಚಿ, "ನೆಪ್ಪಿಲ್ಲ" ಎಂದು ಗೆದ್ದವರ ಹಾಗೆ ಎದ್ದುನಿಂತರು.

ಚೀಟಿ ಸಿಕ್ಕಿತು. ಒಂದು ಮಾತು ಹೆಚ್ಚಿಗೆ ಆಡದೆ ಚೀಟಿ ತಂದೆನೆಂದು ಬೀಗುತ್ತ ಹೊರಗೆ ಬಂದು ಮೊಯಿನುದ್ದೀನರ ಕೈಗಿಟ್ಟರು. ಅವರು ಹತ್ತಿರ ಹಿಡಿದು, ದೂರ ಹಿಡಿದು ಓದಿ, ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಭಾಬಿ, ಇದು ಕಣ್ಣಿಗಲ್ಲ. ತಲೆಗೆ. ಮರೆವಿನ ಕಾಯಿಲೆ ಇದೆಯೇನೋ ಅಂತ ಟೆಸ್ಟು!"

ಒಳಗೆ ಹೋಗಿ ಎಷ್ಟು ಹೇಳಿದರೂ ಡಾಕ್ಟರು ಒಪ್ಪಲಿಲ್ಲ. ಗಂಡನ ಹೆಸರೇ ಮರೆತ ಹೆಂಗಸಿನ ಸಹಿ ಹಾಕಿಸಿಕೊಂಡು ಆಪರೇಷನ್ ಮಾಡಿಸುವುದು ಹೇಗೆ, ಮೊದಲು ನೆನಪಿನ ಪರೀಕ್ಷೆ, ಆಮೇಲೆ ಕಣ್ಣು ಎಂದಳು. ಅಷ್ಟು ಹೊತ್ತಿಗೆ ಮುನಿಕೃಷ್ಣಮ್ಮನವರು ಗಾಬರಿಬಿದ್ದು ರುಖ್ಸಾರ್ ಮದುವೆ, ನವಿಲಿನ ಕವರು, ಅಂಬಾಲಾ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು. ಡಾಕ್ಟರು ಕನಿಕರದಿಂದ ಕೇಳಿ, ಚೀಟಿಯ ಕೆಳಗೆ 'ಸಂಬಂಧವಿಲ್ಲದ ಮಾತು' ಎಂದು ಸೇರಿಸಿದಳು.

ಮತ್ತೆ ಅದೇ ಗಾಜಿನ ಆಸ್ಪತ್ರೆ, ಅದೇ ಕೌಂಟರಿನ ಹುಡುಗಿ. "ಗವರ್ನಮೆಂಟಾ, ಪ್ರೈವೇಟಾ?"

"ಎರಡೂ ಬ್ಯಾಡ ತಾಯಿ, ಕಣ್ಣು ಕಾಣ್ಸಿದ್ರೆ ಸಾಕು" ಎಂದರು.

ತಲೆಯ ಡಾಕ್ಟರು ಒಂದೊಂದೇ ಚಿತ್ರದ ಕಾರ್ಡು ತೋರಿಸಿದರು. "ಇದೇನು ಅಜ್ಜಿ?"

"ಎಮ್ಮೆ."

"ಇದು?"

"ಎಮ್ಮೆ."

"ಇದು?"

"ಅದೂ ಎಮ್ಮೇನೇ. ಆ ಕಡೆ ತಿರುಗ್ಕೊಂಡೈತೆ."

ಕ್ರಮವಾಗಿ ಸಿಂಹ, ಒಂಟೆ ಮತ್ತು ಘೇಂಡಾಮೃಗ. ತಲೆಯ ಡಾಕ್ಟರು ಟಾರ್ಚು ಹಾಕಿ ಕಣ್ಣು ನೋಡಿದವರೇ ಕಾರ್ಡು ಮಡಚಿಟ್ಟರು. ಈಕೆಗೆ ಚಿತ್ರವೇ ಕಾಣುತ್ತಿಲ್ಲ, ಕಣ್ಣಿನ ಆಪರೇಷನ್ ಆಗದೆ ನೆನಪಿನ ಪರೀಕ್ಷೆ ಸಾಧ್ಯವಿಲ್ಲ ಎಂದು ಬರೆದುಕೊಟ್ಟರು. ನೆನಪಿನ ಪರೀಕ್ಷೆ ಆಗದೆ ಕಣ್ಣಿನ ಆಪರೇಷನ್ ಇಲ್ಲವೆಂದು ಪಾಲಿಕ್ಲಿನಿಕ್ಕು. ಎರಡು ಕಾಗದ ಎರಡು ಕೈಯಲ್ಲಿ ಹಿಡಿದು ಮುನಿಕೃಷ್ಣಮ್ಮನವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತರು. ಮೆಲ್ಲಗೆ ಕೇಳಿದರು, "ಮೊಯಿನಣ್ಣ, ಈ ಜನ್ಮದಲ್ಲಿ ನಂಗೆ ಕಣ್ಣು ಬರ್ತವಾ?"

ಆ ಮಾತಿಗೆ ಮಾಜಿ ನಾಯಕ್ ಸಾಹೇಬರ ಎದೆ ಕರಗಿತು. ಮಾರನೇ ದಿನವೇ ಎರಡು ಕಾಗದವನ್ನೂ ಡಾಕ್ಟರ್ ಸುಮೈರಾಳ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಅಟೆನ್ಷನ್ನಿನಲ್ಲಿ ನಿಂತರು. "ಮೇಡಂ, ಇದು ಅದನ್ನ ಕೇಳುತ್ತೆ, ಅದು ಇದನ್ನ ಕೇಳುತ್ತೆ. ನಮ್ ಭಾಬಿ ಯಾರನ್ನ ಕೇಳ್ಬೇಕು?" ಆಕೆಯೂ ನಕ್ಕುಬಿಟ್ಟಳು. ನಾಲ್ಕು ನಿಮಿಷದಲ್ಲಿ ಕಣ್ಣಿನ ಚೀಟಿ ಬಂತು.

ಆಪರೇಷನ್ ಚೆನ್ನಾಗಿಯೇ ಆಯಿತು. ಪಟ್ಟಿ ಬಿಚ್ಚಿದಾಗ ಬಲಗಣ್ಣಿಗೆ ಮೊದಲು ಕಂಡದ್ದು ಮಗನ ಮುಖವಲ್ಲ, ಏಳು ಪುಟದ ಬಿಲ್ಲು. ಸಹಿ ಹಾಕಲು ಮುಂದೆ ಹಿಡಿದಿದ್ದರು. ಹತ್ತಿ, ಕೈಗವಸು, ಲೆನ್ಸು, ಹನಿ, ಇನ್ನೂ ಏನೇನೋ. ಎಲ್ಲದರ ಮುಂದೆ ಅಂಕಿ, ಕೊನೆಯಲ್ಲಿ 'ರೋಗಿ ಕೊಡಬೇಕಾದದ್ದು' ಎಂಬಲ್ಲಿ ದುಂಡನೆಯ ಒಂದು ಸೊನ್ನೆ. ಆ ಸೊನ್ನೆ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಮುನಿಕೃಷ್ಣಮ್ಮನವರು ಅದನ್ನು ಬೆರಳಿನಿಂದ ಸವರಿ, "ನಿಮ್ಮಪ್ಪಂದು ಕಣ್ಲಾ ಇದು" ಎಂದು ಮಗನಿಗೆ ತೋರಿಸಿದರು.

ಆದರೆ ಸೊಸೆ ನೋಡಿದ್ದು ಬಿಲ್ಲಿನ ತಲೆಯಲ್ಲಿದ್ದ ಇನ್ನೊಂದು ಸಾಲನ್ನು. ಕಾಯಿಲೆ ಎಂಬಲ್ಲಿ, 'ಪೊರೆ. ಮರೆವಿನ ಶಂಕೆ.'

ಅವಳು ಅದಕ್ಕೆ ಮೂರು ಜೆರಾಕ್ಸ್ ತೆಗೆಸಿದಳು.

ಅಲ್ಲಿಂದಾಚೆ ಮುನಿಕೃಷ್ಣಮ್ಮನವರ ರಾಜ್ಯಭಾರ ಕುಸಿಯಿತು. "ನಿಮ್ಮ ಮದ್ವೇಲಿ ನಿಮ್ಮಪ್ಪ ರೇಸಿಮೆ ಸೀರೆ ಅಂತ ಏಳಿ..." ಎಂದು ಶುರುಮಾಡಿದರೆ ಸಾಕು, "ಅತ್ತೆ, ಸುಸ್ತು ಮಾಡ್ಕೋಬೇಡಿ, ಸರ್ಕಾರನೇ ಬರ್ದಿದೆ" ಎಂದು ನಂದಿತಾ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಜೆರಾಕ್ಸಿನ ಕಡೆ ಕೈ ತೋರಿಸುತ್ತಿದ್ದಳು. ಸೈಟಿನ ಕಲ್ಲಿನ ತಕರಾರಿಗೆ ಜನ ಬರುವುದು ನಿಂತಿತು. ಎಲ್ಲಕ್ಕಿಂತ ಉರಿದದ್ದು, ಮಲ್ಕಾಬಿ ಗೋಡೆಯಾಚೆಯಿಂದ ಮರುಗಿದ್ದು. "ಪಾಪ ಅಕ್ಕಾ, ಈಗ ಗೊತ್ತಾಯ್ತು. ಕ್ಯಾರಿಯರ್ ಕೊಟ್ಟಿದ್ದು ನಿಮ್ಗೆ ಮರೆತೋಗಿದೆ, ಅಷ್ಟೇ. ನನ್ ಮನಸ್ಸಲ್ಲಿ ಏನೂ ಇಲ್ಲ."

"ನಂಗೆ ಮರೆವಾ! ಇರು ತೋರಿಸ್ತೀನಿ!"

ಯಜಮಾನರು ಬಹಳ ಶಿಸ್ತಿನ ಮನುಷ್ಯ. ಮನೆಯಿಂದ ಯಾವ ಪಾತ್ರೆ ಹೊರಗೆ ಹೋದರೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಅದು ಕಪ್ಪು ಟ್ರಂಕಿನಲ್ಲಿದೆ. ಆ ಟ್ರಂಕನ್ನು ಮುನಿಕೃಷ್ಣಮ್ಮನವರು ಯಾರಿಗೂ ಮುಟ್ಟಗೊಟ್ಟವರಲ್ಲ, ತಾವೂ ಮೇಲಿನ ಪಿಂಚಣಿ ಕಾಗದ ಬಿಟ್ಟು ಕೆಳಗೆ ಕೈ ಹಾಕಿದವರಲ್ಲ. ಇವತ್ತು ಕಣ್ಣಿದೆ. ಮಲ್ಕಾಬಿಯ ಮುಖದ ಮೇಲೆ ಹಿಡಿಯಬೇಕೆಂದು ಟ್ರಂಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ತೆಗೆದರು. ಸ್ವೆಟರು. ಬೆಲ್ಟು. ಮೆಡಲ್ಲಿನ ಡಬ್ಬ. ತಳದಲ್ಲಿ ಖಾಕಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದ ಒಂದು ಗಂಟು. ಬೂಟಿರಬೇಕೆಂದು ಎಂಟು ವರ್ಷದಿಂದ ಅಂದುಕೊಂಡಿದ್ದರು.

ಬಿಚ್ಚಿದರು.

ನಾಲ್ಕಂತಸ್ತು. ಸ್ಟೀಲು. ಮುರಿದ ಹಿಡಿಗೆ ತಾಮ್ರದ ತಂತಿ ಸುತ್ತಿದ್ದು ಯಜಮಾನರೇ. ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಹೆಸರು: ಹವಾಲ್ದಾರ್ ಚಿಕ್ಕಮಾರಯ್ಯ, ಅಟ್ಟೂರು. ಹೊಸ ಲೆನ್ಸಿನಲ್ಲಿ ಒಂದೊಂದು ಚುಕ್ಕೆಯೂ ಮೂಗುತಿಯ ಹರಳಿನಂತೆ ಹೊಳೆಯಿತು. ಗೇಟಿನ ಹತ್ತಿರ ಇಸಿದುಕೊಂಡ ಪುಣ್ಯಾತ್ಮ, ಶಿಸ್ತಾಗಿ ತೊಳೆದು, ಒರೆಸಿ, ಕಟ್ಟಿ, ಟ್ರಂಕಿನಲ್ಲಿಟ್ಟು, ಹೆಂಡತಿಗೆ ಹೇಳುವುದೊಂದನ್ನು ಮರೆತಿದ್ದ.

"ಅಕ್ಕಾ, 'ಇರು ತೋರಿಸ್ತೀನಿ' ಅಂದ್ರಲ್ಲ? ಕಣ್ಣು ಬಂದಿದ್ದಕ್ಕೆ ಖೀರು ಮಾಡಿದೆ, ಹಾಗೇ ತಂದೆ" ಎನ್ನುತ್ತ ಮಲ್ಕಾಬಿ ಬಟ್ಟಲು ಹಿಡಿದು ನಡುಮನೆಗೇ ಬಂದುಬಿಟ್ಟಳು. ಕ್ಯಾರಿಯರ್ ಬಚ್ಚಿಡಲು ಸೆರಗು ಸಾಲಲಿಲ್ಲ. ನಾಲ್ಕನೇ ಅಂತಸ್ತು ಹೊರಗೆ ಉಳಿಯಿತು. ಮಲ್ಕಾಬಿ ಬಗ್ಗಿ ನೋಡಿದಳು. ಮುಚ್ಚಳ ನೋಡಿದಳು. ತಂತಿ ನೋಡಿದಳು.

ಮುನಿಕೃಷ್ಣಮ್ಮನವರು ಗಂಟಲು ಸರಿಮಾಡಿಕೊಂಡು, ಫ್ರಿಜ್ಜಿನ ಮೇಲಿದ್ದ ಜೆರಾಕ್ಸಿನ ಕಡೆ ಬೆರಳು ಮಾಡಿ, ಮೂರು ದಿನ ಕಲಿತ ಪಾಠವನ್ನು ಮೊದಲ ಬಾರಿಗೆ ಸರಿಯಾದ ಜಾಗದಲ್ಲಿ ಒಪ್ಪಿಸಿದರು.

"ಯಾವ ಕ್ಯಾರಿಯರ್ರು? ನಂಗೊಂದೂ ನೆಪ್ಪಿಲ್ಲ ಕಣವ್ವ."

ಮಲ್ಕಾಬಿ ಖೀರಿನ ಬಟ್ಟಲನ್ನು ಟ್ರಂಕಿನ ಮೇಲಿಟ್ಟು, ಚಾಪೆ ಎಳೆದುಕೊಂಡು, ಚಕ್ಕಂಬಕ್ಕಳ ಹಾಕಿ ಕೂತಳು.

"ಪರವಾಗಿಲ್ಲ ಅಕ್ಕಾ. ನಂಗೆ ನೆನಪಿದೆ. ಎಂಟು ವರ್ಷದ್ದು, ಒಂದೊಂದು ಮಾತೂ. ಖೀರು ಕುಡೀರಿ, ಮೊದಲ್ನೇ ದಿನದಿಂದ ಹೇಳ್ತೀನಿ."